ಕೊನೆ ಹೇಳಿದವರು ಕಪ್ಪು ತೊಳೆಯಬೇಕು

ನಾನು ಈಗಿರುವ ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಂದು ಸಲ ಒಂದಷ್ಟು ಹುಡುಗ ಹುಡುಗಿಯರು ಸೇರುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಈ ತೆಲುಗು ಊರಿಗೆ ಕೆಲಸಕ್ಕೆ ಬಂದವರು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಸಾಕಾದವರು ಆ ದಿನ ಕ್ಲಬ್‌ಹೌಸಿನಲ್ಲಿ ಕೂತು, ತಾವು ಓದಿದ ಬಾಹ್ಯಾಕಾಶದ ಕಥೆ, ಮಾಂತ್ರಿಕರ ಕಥೆ ಎಲ್ಲ ಹೇಳಿಕೊಂಡು ಜಗಳವಾಡುತ್ತಾರೆ. ಒಬ್ಬ ಐದಕ್ಕೆ ಮೂರೂವರೆ ಸ್ಟಾರ್ ಅಂದರೆ ಇನ್ನೊಬ್ಬಳು ಛೆ, ನಾಲ್ಕಾದರೂ ಕೊಡಬೇಕು ಅನ್ನುತ್ತಾಳೆ. ಕನ್ನಡದ ಹೆಂಗಸು ಎಂದು ಹೋದ ತಿಂಗಳು ನನ್ನನ್ನೂ ಕರೆದಿದ್ದರು. ಒಬ್ಬ ಹುಡುಗಿ ಫೋನು ಹಿಡಿದು ಬರೆದುಕೊಳ್ಳಲು ಸಿದ್ಧಳಾಗಿ ಕೇಳಿದಳು:

"ಆಂಟಿ, ಎಲ್ಲರೂ ಓದಲೇಬೇಕಾದ ಹತ್ತು ಪುಸ್ತಕ ಹೇಳಿ. ಸೈನ್ಸ್ ಫಿಕ್ಷನ್ ಆಗಲಿ, ಫ್ಯಾಂಟಸಿ ಆಗಲಿ."

ಎಲ್ಲರೂ ಅಂದರೆ ಯಾರು? ನಾನು ಬೆಳೆದ ಮನೆಯಲ್ಲಿ ಅಂಥ ಮನುಷ್ಯರು ಇರಲೇ ಇಲ್ಲ. ಅಪ್ಪ ಇದ್ದ, ಅತ್ಯಾ ಇದ್ದಳು, ಭಾನುವಾರಕ್ಕೆ ಖಾದರ್ ಸಾಹೇಬರು ಇದ್ದರು, ಅಡುಗೆಮನೆಯಲ್ಲಿ ಅವ್ವ ಇದ್ದಳು. ನಮ್ಮಲ್ಲಿ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರಿಗೆ ಎಂದು ಕೇಳುತ್ತಿದ್ದರು. ಈ ಮಾತನ್ನು ಆ ಹುಡುಗಿಗೆ ಹೇಳಲು ಹೋಗಿ ತೊದಲಿದೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹಾಗಾಗಿ ಇಲ್ಲಿ ಸರಿಯಾಗಿ ಬರೆಯುತ್ತೇನೆ.

ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆ ಒಂದರ ಹಿಂದೆ ಒಂದು ಮೂರು ಕೋಣೆಗಳದ್ದು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ನಲ್ಲಿ ಕಾಣುತ್ತಿತ್ತು. ಈಗ ಆ ಓಣಿಯ ಬಾಯಲ್ಲೇ ಮೆಟ್ರೊ ಕಂಬ ಬಂದಿದೆ. ನಡುಕೋಣೆಯ ಗೋಡೆಯಲ್ಲಿ ಎರಡು ಗೂಡುಗಳಿದ್ದವು. ಒಂದರಲ್ಲಿ ದೇವರು, ಇನ್ನೊಂದನ್ನು ಅವ್ವ ದೀಪದೆಣ್ಣೆ, ಊದುಬತ್ತಿಗೆಂದು ಇಟ್ಟುಕೊಂಡಿದ್ದಳು. ಅದನ್ನು ಅಪ್ಪ ಮತ್ತು ಅತ್ಯಾ ಸೇರಿ ಕಸಿದುಕೊಂಡು ಪುಸ್ತಕದ ಗೂಡು ಮಾಡಿದ್ದರು. ಅತ್ಯಾ ಅಂದರೆ ಅಪ್ಪನ ತಂಗಿ ಶಾರದಾ. ಕಲಬುರಗಿ ಕಡೆಯ ನಮ್ಮಂಥ ಮನೆಗಳಲ್ಲಿ ಸೋದರತ್ತೆಯನ್ನು ಹಾಗೆ ಕರೆಯುತ್ತೇವೆ. ಟೆಲಿಫೋನ್ ಕಚೇರಿಯಲ್ಲಿ ಕೆಲಸ, ಬಾಚಿದರೂ ನಿಲ್ಲದ ಗುಂಗುರು ಕೂದಲು, ಮಾತಿಗೆ ಮಾತು ಕೊಡುವ ನಾಲಿಗೆ. ನಾನು ಮಲಗುತ್ತಿದ್ದದ್ದು ಅವಳ ಪಕ್ಕದಲ್ಲಿ. ಅವಳಿಗೊಂದು ಹೆಣ್ಣುಕೂಸು ಹುಟ್ಟಿ ಎಂಟು ತಿಂಗಳಿಗೆ ಜ್ವರದಲ್ಲಿ ತೀರಿಹೋಗಿತ್ತು. ನಾಲ್ಕು ದಿನ ತವರಿನಲ್ಲಿರಲಿ ಎಂದು ಕಳಿಸಿದ ಗಂಡನ ಮನೆಯವರು ಮತ್ತೆ ಕರೆಯಲು ಬರಲಿಲ್ಲ. ಇದು ನನಗೆ ಗೊತ್ತಿತ್ತು, ಆದರೆ ಯಾರ ಬಾಯಿಂದ ಗೊತ್ತಾಯಿತೋ ನೆನಪಿಲ್ಲ. ಮನೆಯಲ್ಲಿ ಆ ಮಾತು ಎತ್ತುವವರೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ತಂಗಿ ಬಸ್ಸು ಹತ್ತಿ ಅಬಿಡ್ಸಿನ ಫುಟ್‌ಪಾತಿಗೆ ಹೋಗಿ, ರಾಶಿ ಹಾಕಿದ ಹಳೆ ಇಂಗ್ಲಿಷ್ ಪುಸ್ತಕಗಳಲ್ಲಿ ಕೆದಕಿ ಎರಡೋ ಮೂರೋ ತರುತ್ತಿದ್ದರು. ಸಂಜೆ ಅಪ್ಪನ ಕಚೇರಿಯ ಪಕ್ಕದ ಮೇಜಿನ ಖಾದರ್ ಸಾಹೇಬರು ಉಸ್ಮಾನಿಯಾ ಬಿಸ್ಕೀಟಿನ ಪೊಟ್ಟಣ ಹಿಡಿದು ಬರುತ್ತಿದ್ದರು. ಅವರು ಬೀದರಿನವರು, ನಮಗಿಂತ ಚಂದ ಕನ್ನಡ ಆಡುತ್ತಿದ್ದರು. ಅವ್ವ ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿಭಜಿ ಮಾಡಿಡುತ್ತಿದ್ದಳು. ಆಮೇಲೆ ಚೀಟಿ ಓದುವ ಕಾರ್ಯಕ್ರಮ. ಪುಸ್ತಕ ಓದಿ ಮುಗಿಸಿದವರು ಅದರೊಳಗೆ ಒಂದು ಚೀಟಿ ಮಡಚಿಟ್ಟು ಗೂಡಿಗೆ ಸೇರಿಸಬೇಕು. ಹಳೆಯ ಲಗ್ನಪತ್ರಿಕೆಗಳ ಖಾಲಿ ಮಗ್ಗುಲನ್ನು ಅವ್ವ ಕತ್ತರಿಸಿ ಕೊಟ್ಟ ಚೀಟಿ. ಅದರಲ್ಲಿ ಎರಡೇ ಸಾಲು: ಈ ಪುಸ್ತಕ ಯಾರಿಗೆ, ಯಾವಾಗ. "ಖಾದರ್ ಸಾಹೇಬರಿಗೆ. ಹಲ್ಲು ನೋಯುವಾಗ." "ಶಾರದಾಗೆ. ರಜಾ ಹಾಕಿ ಓದತಕ್ಕದ್ದು." ಒಮ್ಮೆ ಅತ್ಯಾ ಬರೆದಿದ್ದಳು, "ಯಾರಿಗೂ ಬೇಡ. ತೂಕಕ್ಕೆ ಹಾಕಿರಿ." ಭಾನುವಾರ ಗೂಡಿಗೆ ಕೈ ಹಾಕಿದವರು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಹೆಸರು ಬಂದವರು ಒಲ್ಲೆ ಅನ್ನುವಂತಿಲ್ಲ. ಓದಿದ ಮೇಲೆ ಕೆಳಗೆ ಹೌದು ಅಥವಾ ಅಲ್ಲ ಎಂದು ಬರೆಯಬೇಕು. ಪೂರ್ತಿ ಓದದೆ ಚೀಟಿ ಬರೆಯಬಾರದು. ಯಾರಿಗೂ ಕಥೆಯ ಕೊನೆ ಹೇಳಬಾರದು; ಹೇಳಿದರೆ ಆ ದಿನದ ಕಪ್ಪುಬಸಿ ಎಲ್ಲ ಅವರೇ ತೊಳೆಯಬೇಕು. ಬಾಯಿ ತಡೆಯದೆ ಹೆಚ್ಚು ಸಲ ತೊಳೆದವರು ಖಾದರ್ ಸಾಹೇಬರೇ.

ಮತ್ತೆ ಜಗಳ! ಅಪ್ಪನಿಗೆ ಯಂತ್ರ, ನಕ್ಷತ್ರ, ಲೆಕ್ಕ ಇರುವ ಕಥೆ ಬೇಕು. ಅತ್ಯಾಗೆ ಮಂತ್ರ, ಶಾಪ, ಮಾತಾಡುವ ಕಾಡು.

"ಮಂತ್ರ ಹಾಕಿದ ಕೂಡ್ಲೆ ಗುಡ್ಡ ಹಾರತೈತಿ ಅಂದ್ರ ಕತ್ಯಾಗ ಉಳೀತೇನು ಶಾರು?"

"ನಿನ್ನ ರಾಕೆಟ್ಟು ಬೆಳಕಿಗಿಂತ ಮುಂದ ಓಡತೈತಲ್ಲ, ಅದೇನು? ಅದೂ ಮಂತ್ರನ ಅಣ್ಣ. ಬೋಲ್ಟು ಹಾಕಿದ ಮಂತ್ರ."

"ಎರಡೂ ಬಿಡ್ರಿ," ಅನ್ನುತ್ತಿದ್ದರು ಖಾದರ್ ಸಾಹೇಬರು. "ಆ ಗ್ರಹದಾಗ ಮಂದಿ ಏನು ಉಣ್ತಾರ? ಅದನ್ನ ಬರದಿಲ್ಲ ಅಂದ್ರ ಆ ಬರದಾವ ಅಲ್ಲಿಗಿ ಹೋಗೇ ಇಲ್ಲ."

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಲೆಯ ಮುಂದೆ ಕೂತು ಕೇಳುತ್ತಲೇ ಇರುತ್ತಿದ್ದವಳು ನಡುವೆ ಒಂದು ಪ್ರಶ್ನೆ ಎಸೆದುಬಿಡುತ್ತಿದ್ದಳು. ಮೂರು ಚಂದ್ರರಿರುವ ಗ್ರಹದ ಪುಸ್ತಕದ ಬಗ್ಗೆ ಅಪ್ಪ ಅರ್ಧ ಗಂಟೆ ಹೊಗಳಿ ಮುಗಿಸಿದಾಗ ಅವಳು ಕೇಳಿದ್ದು ಇಷ್ಟೇ: "ಅಲ್ರೀ, ಹಂಗಾದ್ರ ಅವರು ಹುಣ್ಣಿಮಿ ಯಾವಾಗ ಮಾಡ್ತಾರ?" ಅಪ್ಪ ಪುಸ್ತಕ ತಿರುವಿ ಹಾಕಿದ, ಲೆಕ್ಕ ಹಾಕಿದ, ಉತ್ತರ ಸಿಗಲಿಲ್ಲ. ಆ ಪುಸ್ತಕ ಅವನ ಮನಸ್ಸಿನಿಂದ ಇಳಿದೇ ಹೋಯಿತು. ನಾನೋ, ಬಾಗಿಲ ಬಳಿ ಕೂತು ಮಿರ್ಚಿ ತಿನ್ನುತ್ತ ಇದನ್ನೆಲ್ಲ ನುಂಗುತ್ತಿದ್ದೆ. ನನಗಾಗ ಹನ್ನೊಂದು ವರ್ಷ. ನನ್ನ ಹೆಸರಿನ ಚೀಟಿ ಒಂದೂ ಬಂದಿರಲಿಲ್ಲ. "ಗಿರಿಜಾಗೆ" ಎಂದು ಯಾರಾದರೂ ಒಂದು ಸಲ ಬರೆದರೆ ಸಾಕಿತ್ತು, ನಾನು ಜಗತ್ತನ್ನೇ ಗೆದ್ದಂತೆ. ಚೀಟಿ ಬಾರದವರು ಗೂಡಿಗೆ ಕೈ ಹಾಕುವಂತಿಲ್ಲ, ಚೀಟಿ ಬಿಚ್ಚುವಂತಿಲ್ಲ.

ಅದೊಂದು ಶನಿವಾರ. ಬೇಗಂ ಬಜಾರಿನಿಂದ ತಿಂಗಳ ದಿನಸಿ ಬಂದಿತ್ತು, ಅಕ್ಕಿ ಡಬ್ಬಿ ಸರಿಸಲು ಅವ್ವನಿಗೆ ಕೈಜೋಡಿಸಿದ್ದೆ. ಡಬ್ಬಿಯ ಹಿಂದೆ, ಗೋಡೆಗೆ ಒತ್ತಿಕೊಂಡು, ಒಂದು ಪುಸ್ತಕ. ನೀಲಿ ರಟ್ಟು, ಅದರ ಮೇಲೆ ಕಿಟಕಿಯಲ್ಲಿ ಕೂತ ಹೆಂಗಸಿನ ಚಿತ್ರ. ಒಳಗೆ ಅಪ್ಪನ ಬಸ್ ಟಿಕೀಟು ನಡುವಿನ ಪುಟದಲ್ಲಿತ್ತು, ಹಿಂದೆ ಮಡಚಿದ ಚೀಟಿಯೂ ಇತ್ತು. ಅಪ್ಪ ಎಲ್ಲೋ ಇಟ್ಟು ಮರೆತಿದ್ದಾನೆ, ಪಾಪ ಹುಡುಕುತ್ತಿರಬೇಕು ಎಂದುಕೊಂಡೆ. ಧೂಳು ಒರೆಸಿ, ಯಾರಿಗೂ ಹೇಳದೆ ಗೂಡಿನಲ್ಲಿಟ್ಟೆ. ಗೂಡಿಗೆ ಕೈ ಹಾಕಬಾರದೆಂಬ ನಿಯಮ ಮುರಿದಿದ್ದೆನಲ್ಲ, ಅದಕ್ಕೇ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂಬ ಹಮ್ಮಿನಲ್ಲೇ ಮಲಗಿದೆ.

ಮರುದಿನ ಸಂಜೆ ಗೂಡಿಗೆ ಕೈ ಹಾಕಿದವಳು ಅತ್ಯಾ. ನೀಲಿ ಪುಸ್ತಕ ಕಂಡ ಕೂಡಲೇ ಅಪ್ಪ ಕೂತಲ್ಲಿಂದ ಅರ್ಧ ಎದ್ದ. ಅಷ್ಟರಲ್ಲಿ ಅವಳು ಚೀಟಿ ಬಿಚ್ಚಿ, ಎಂದಿನಂತೆ ಗಟ್ಟಿಯಾಗಿ ಓದಿದ್ದಳು:

"ಶಾರದಾಗೆ ಬೇಡ. ಎಂದೂ ಬೇಡ."

ಖಾದರ್ ಸಾಹೇಬರ ಕೈಯಲ್ಲಿನ ಬಿಸ್ಕೀಟು ಚಹಾದಲ್ಲಿ ಮುರಿದು ಬಿತ್ತು. ಅತ್ಯಾ ರಟ್ಟಿನ ಹಿಂದಿನ ನಾಲ್ಕು ಸಾಲು ಓದಿದಳು. ಮೂರು ವರ್ಷದ ಮಗಳನ್ನು ಬಿಟ್ಟು ದೂರದ ನಕ್ಷತ್ರಕ್ಕೆ ಹೋಗುವ ತಾಯಿಯ ಕಥೆ. ಹಡಗಿನಲ್ಲಿ ಎರಡು ವರ್ಷ ಕಳೆದರೆ ಭೂಮಿಯಲ್ಲಿ ಅರವತ್ತು ವರ್ಷ ಕಳೆದುಹೋಗುತ್ತವೆ. ಅತ್ಯಾಗೆ ಎಲ್ಲ ತಿಳಿಯಿತು. ಅಳಲಿಲ್ಲ, ಕೂಗಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಅತ್ತಿಮನ್ಯಾವರು ಶಾರದಾಗ ಇದು ಬ್ಯಾಡ, ಅದು ಬ್ಯಾಡ ಅಂತಿದ್ರು. ಕಡೀಕ ಶಾರದಾನ ಬ್ಯಾಡ ಅಂದ್ರು. ಇಲ್ಲಿ ನೀನೂ ಶುರು ಮಾಡಿದೇನಣ್ಣ?"

"ಶಾರು, ನಾ ಹಂಗಲ್ಲ…"

"ನನ್ನ ಎದಿ ಎಷ್ಟು ತಡೀತೈತಿ ಅಂತ ನೀ ತೂಗಿ ನೋಡೀಯೇನು? ಬಚ್ಚಿಟ್ಟು ಸಾಕೋದಾದ್ರ ನಾ ಇಲ್ಲಿರೂದಿಲ್ಲ. ಆಫೀಸಿನ ಹತ್ರ ಹೆಣ್ಮಕ್ಕಳ ಹಾಸ್ಟೆಲ್ ಐತಿ. ಒಂದನೇ ತಾರೀಖಿಗೆ ಹೋಗ್ತೀನಿ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಬುಧವಾರಕ್ಕೆ ಹಾಸ್ಟೆಲಿನಲ್ಲಿ ಮಾತಾಡಿ ಬಂದಳು. ಅಪ್ಪ ಅವಳೊಂದಿಗೆ ಮಾತು ಬಿಟ್ಟ. ಅದು ಸಿಟ್ಟಲ್ಲ, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ. ಪುಸ್ತಕ ಯಾರು ಗೂಡಿಗಿಟ್ಟರು ಎಂದು ಅವ್ವನ ಮೇಲೆ ಒಮ್ಮೆ ರೇಗಿದ. ಅವ್ವ ಸೌಟು ಹಿಡಿದು ನಿಂತು, "ನನಗ ಓದಾಕ ಬರಲಾರದ ಪುಸ್ತಕ ನಾ ಯಾಕ ಮುಟ್ಟಲ್ರಿ?" ಅಂದಳು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ಮುಂದಿನ ಭಾನುವಾರ ಫುಟ್‌ಪಾತಿಗೆ ಯಾರೂ ಹೋಗಲಿಲ್ಲ. ಖಾದರ್ ಸಾಹೇಬರು ಬಂದು, ಪೊಟ್ಟಣ ನನ್ನ ಕೈಗಿಟ್ಟು, ಚಹಾ ಕೂಡ ಕುಡಿಯದೆ ಹೋದರು. ಅತ್ಯಾ ಇಲ್ಲದ ಹಾಸಿಗೆಯನ್ನು ನೆನೆಸಿಕೊಂಡು ರಾತ್ರಿ ಅವಳ ಸೆರಗು ಹಿಡಿದೇ ಮಲಗುತ್ತಿದ್ದೆ. ಅವಳು ಹೋಗುತ್ತಿದ್ದದ್ದು ನನ್ನಿಂದ. ಅದು ನನಗೊಬ್ಬಳಿಗೇ ಗೊತ್ತಿತ್ತು.

ಒಂದನೇ ತಾರೀಖು ಸೋಮವಾರ ಬರುವುದಿತ್ತು. ಭಾನುವಾರ ಮಧ್ಯಾಹ್ನ ಅವಳು ಟ್ರಂಕಿಗೆ ಸೀರೆ ಜೋಡಿಸುತ್ತಿದ್ದಳು. ನಾನು ಹೋಗಿ ಟ್ರಂಕಿನ ಮುಚ್ಚಳ ಹಿಡಿದು ನಿಂತೆ.

"ಅತ್ಯಾ, ನಾನs ಇಟ್ಟಿದ್ದು."

"ಏನಿಟ್ಟಿ?"

"ನೀಲಿ ಪುಸ್ತಕ. ಅಕ್ಕಿ ಡಬ್ಬಿ ಹಿಂದ ಸಿಕ್ತು. ಅಪ್ಪ ಇನ್ನೂ ಓದಾಕತ್ತಾನ, ಎಲ್ಲೋ ಮರತಾನ ಅಂತ ಇಟ್ಟೆ. ಟಿಕೀಟು ನಡುಕs ಇತ್ತು. ನಾ ಚೀಟಿ ಬಿಚ್ಚಿಲ್ಲ, ದೇವರಾಣೆ ಅತ್ಯಾ. ನೀ ಹೋಗಬ್ಯಾಡ."

ಅಷ್ಟು ಹೇಳುವಷ್ಟರಲ್ಲಿ ಬಿಕ್ಕಳಿಸಿ ಅಳು ಬಂತು. ಅವಳು ನನ್ನನ್ನು ಹತ್ತಿರ ಎಳೆದುಕೊಂಡಳು. ಆದರೆ ಅವಳ ಮನಸ್ಸು ಬೇರೆಲ್ಲೋ ಹೋಗಿತ್ತು.

"ಟಿಕೀಟು ಎಲ್ಲಿತ್ತು ಅಂದಿ?"

"ನಡುಕ."

ಅಪ್ಪ ಓದಿದ ಪುಸ್ತಕದಲ್ಲಿ ಬಸ್ ಟಿಕೀಟು ಯಾವಾಗಲೂ ಕೊನೆಯ ಪುಟದಲ್ಲಿರುತ್ತಿತ್ತು. ಪುಸ್ತಕ ಮುಗಿಸಿದ್ದಕ್ಕೆ ಅದೇ ಅವನ ರುಜು. ಅತ್ಯಾ ಎದ್ದು, ಎರಡು ವಾರದಿಂದ ಯಾರೂ ಮುಟ್ಟದೆ ಗೂಡಿನಲ್ಲಿ ಬಿದ್ದಿದ್ದ ನೀಲಿ ಪುಸ್ತಕ ತೆಗೆದು ಬಿಡಿಸಿದಳು. ಟಿಕೀಟು ಅಲ್ಲೇ ಇತ್ತು. ಹೊರಕೋಣೆಯಲ್ಲಿ ಅಪ್ಪ ಪೇಪರು ಹಿಡಿದು ಕೂತಿದ್ದ. ಎದುರಿಗೆ ಖಾದರ್ ಸಾಹೇಬರು, ಅವಳನ್ನು ಒಪ್ಪಿಸಲು ಕೊನೆಯದೊಂದು ಪ್ರಯತ್ನ ಮಾಡಲೆಂದು ಬಂದವರು. ಅವ್ವ ಆಗಷ್ಟೇ ಚಹಾ ತಂದಿಟ್ಟಿದ್ದಳು.

"ಅಣ್ಣ, ನೀ ಇದನ್ನ ಪೂರಾ ಓದೇ ಇಲ್ಲ. ಓದಲಾರದ ಚೀಟಿ ಬರದಿ."

ಖಾದರ್ ಸಾಹೇಬರು, "ಯಾ ಅಲ್ಲಾ, ನಿಯಮ ಮಾಡಿದಾವನs ನಿಯಮ ಮುರದ್ನ್ಯಾ?" ಅಂದು ನಗಿಸಲು ನೋಡಿದರು. ಅಪ್ಪ ನಗಲಿಲ್ಲ. ಪೇಪರು ಮಡಚಿದ, ಮತ್ತೆ ಬಿಡಿಸಿದ, ಮತ್ತೆ ಮಡಚಿದ.

"ಮಗಳ ಪತ್ರ ಎಲ್ಲ ಒಮ್ಮೆಲೆ ಬರ್ತಾವ ಆ ತಾಯಿಗಿ. ಮೊದಲ ಗೀಚಿದ್ದು, ಆಮ್ಯಾಲ ಸಾಲಿಗಿ ಹೋಗಿ ದುಂಡಗ ಬರದಿದ್ದು. ಅಲ್ಲಿಗಿ ನಿಂತೆ ಶಾರು. ಮುಂದ ಆಗಲಿಲ್ಲ. ನಿನ್ನ ಕೂಸಿನ್ನ ಎತ್ತಿಕೊಂಡು ಮಣ್ಣಿಗಿ ಹೋದಾವ ನಾನು. ಇದs ಕೈಯಾಗ. ಎಷ್ಟು ಹಗುರ ಇತ್ತಂತೀ… ನಿನಗ ಬ್ಯಾಡ ಅಂತ ಬರದೆ. ನನಗ ಬ್ಯಾಡ ಅಂತ ಬರೀಬೇಕಾಗಿತ್ತು."

ಹನ್ನೆರಡು ವರ್ಷ ಆ ಮನೆಯಲ್ಲಿ ಬಾಯಿಗೆ ಬಾರದ ಮಾತು ಅದು. ಅಪ್ಪ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅತ್ಯಾ ಅವನ ಪಕ್ಕ ಚಾಪೆಯ ಮೇಲೆ ಕೂತಳು. ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವುತ್ತ, ಕಣ್ಣಲ್ಲೇ ಓದಿಕೊಂಡು ಹೋದಳು. ಟಿಕೀಟಿನಿಂದ ಕೊನೆಯವರೆಗೆ ಅರ್ಧ ಪುಸ್ತಕ, ಸಣ್ಣದು. ಸಂಜೆಯ ನಲ್ಲಿ ನೀರು ಬರುವವರೆಗೂ ಓದಿದಳು. ನಾವು ಯಾರೂ ಏಳಲಿಲ್ಲ. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ವೈನಿ, ನೀನೂ ಬಾ, ಕನ್ನಡದಾಗ ಓದ್ತೀನಿ," ಎಂದು ಅವ್ವನನ್ನು ಕರೆದಳು. ಟಿಕೀಟಿದ್ದ ಪುಟದಿಂದ ಶುರು ಮಾಡಿದಳು. ಇಂಗ್ಲಿಷ್ ಸಾಲು ಬೆರಳಲ್ಲಿ ಹಿಡಿದು ಕನ್ನಡ ಹೇಳುತ್ತ ಹೋದಳು. ಪತ್ರಗಳು ಮುಗಿದವು. ಹಡಗು ತಿರುಗಿತು. ಭೂಮಿ ಕಂಡಿತು. ತಾಯಿ ಇಳಿದು ಉದ್ದನೆಯ ದಾರಿ ನಡೆದು ಬರುತ್ತಾಳೆ. ಬಾಗಿಲಲ್ಲಿ ಶಾಲು ಹೊದ್ದ ಮುದುಕಿಯೊಬ್ಬಳು ಕಾಯುತ್ತ ನಿಂತಿದ್ದಾಳೆ. ಅವಳೇ ಮಗಳು. ತಾಯಿಯ ಮುಖ ನೋಡಿ, ಕೈ ಹಿಡಿದು ಅನ್ನುತ್ತಾಳೆ:

"ತಡಾ ಮಾಡಿದಿ. ಅನ್ನ ಆರಿ ಹೋತು. ಬಾ, ಉಣ್ಣು."

ಅಪ್ಪ ಅಳುತ್ತಲೇ ನಕ್ಕ. ಖಾದರ್ ಸಾಹೇಬರು ಮೂಗು ಒರೆಸಿಕೊಂಡು ಮುಂದಕ್ಕೆ ಬಾಗಿದರು.

"ಅಡಗಿ ಏನು ಮಾಡಿದ್ಳಂತ ತಂಗಿ?"

ಅತ್ಯಾ ಒಂದು ಕ್ಷಣ ಪುಟ ನೋಡಿದಳು. "ಪುಂಡಿಪಲ್ಯ."

"ಇಂಗ್ಲಿಷ್ ಪುಸ್ತಕದಾಗ ಪುಂಡಿಪಲ್ಯ?"

"ಅಂಥಾದ್ದs ಯಾವುದೋ ಹುಳಿ ಸೊಪ್ಪು ಅಂತ ಐತ್ರಿ. ಸುಮ್ನ ಕೇಳ್ರಿ."

ಪುಸ್ತಕ ಮುಚ್ಚಿ ಎದ್ದಳು. "ಕೊನಿ ಹೇಳೀನಿ," ಎಂದು ಕಪ್ಪುಬಸಿಗಳನ್ನೆಲ್ಲ ತಟ್ಟೆಗೆ ಹಾಕಿಕೊಂಡಳು. ಇವತ್ತೊಂದು ದಿನ ಬಿಡು ಅಂದ ಅಪ್ಪನಿಗೆ, ನಿಯಮ ಅಂದ್ರ ನಿಯಮ ಅಂದಳು. ಹಿತ್ತಲಿನ ನಲ್ಲಿಯ ಮುಂದೆ ನಮಗೆ ಬೆನ್ನು ಮಾಡಿ ಕೂತು, ನಾಲ್ಕು ಕಪ್ಪನ್ನು ಬಹಳ ಹೊತ್ತು ತೊಳೆದಳು. ಒಳಗೆ ಬಂದು ಅಪ್ಪನ ಎದುರು ನಿಂತು, "ಇನ್ನ ಮ್ಯಾಲ ನನಗೇನು ಬ್ಯಾಡ ಅನ್ನೂದು ನಾ ಹೇಳ್ತೀನಿ," ಅಂದಳು. ಅಪ್ಪ ಹೂಂ ಅಂದ. ಟ್ರಂಕಿನಿಂದ ಸೀರೆಗಳನ್ನು ತೆಗೆಯುವಾಗ ನಾನೂ ಕೈಜೋಡಿಸಿದೆ. ಸೋಮವಾರ ಹಾಸ್ಟೆಲಿನವರಿಗೆ ಬರುವುದಿಲ್ಲ ಎಂದು ಹೇಳಿ ಬಂದಳು.

ಆ ವಾರ ಖಾದರ್ ಸಾಹೇಬರು ನೀಲಿ ಪುಸ್ತಕ ಒಯ್ದರು. ತಂದುಕೊಡುವಾಗ ಎಂದಿನ ತಮಾಷೆ ಮಾಡಲಿಲ್ಲ. "ಪುಸ್ತಕಕ್ಕಿಂತ ನಿನ್ನ ಓದು ಭಾಳ ಚೊಲೊ ಐತಿ ತಂಗಿ," ಅಂದರು, ಅಷ್ಟೇ. ಅಪ್ಪ ಅದನ್ನು ಮತ್ತೆ ಮುಟ್ಟಲಿಲ್ಲ. ಕೇಳೀನಲ್ಲ, ಸಾಕು ಅನ್ನುತ್ತಿದ್ದ. ಅದರ ಮುಂದಿನ ಭಾನುವಾರ ಗೂಡಿನಿಂದ ಅದೇ ಪುಸ್ತಕ ತೆಗೆದ ಅಪ್ಪ, ಒಳಗಿನ ಹೊಸ ಚೀಟಿಯನ್ನು ಓದಿದ. ಅತ್ಯಾಳ ಅಕ್ಷರ. "ಗಿರಿಜಾಗೆ. ನನ್ನಷ್ಟು ವಯಸ್ಸಾದಾಗ."

ಅತ್ಯಾಗೆ ಆಗ ಮೂವತ್ತನಾಲ್ಕು. ಇಪ್ಪತ್ತಮೂರು ವರ್ಷ ಕಾಯಬೇಕಾದ ಚೀಟಿ! ನನಗೆ ಖುಷಿಯೂ ಆಯಿತು, ಮೋಸವಾಯಿತು ಎಂದೂ ಅನಿಸಿತು. ಆದರೂ ಕಾದೆ. ಬೇರೆ ನೂರಾರು ಪುಸ್ತಕ ಓದಿದೆ, ಚೀಟಿ ಬರೆದೆ, ಬರೆಸಿಕೊಂಡೆ. ಅದನ್ನು ಮಾತ್ರ ತೆರೆಯಲಿಲ್ಲ. ಮನೆ ಬದಲಾಯಿಸುವಾಗಲೆಲ್ಲ ನೀಲಿ ಪುಸ್ತಕವನ್ನು ಸೀರೆಯಲ್ಲಿ ಸುತ್ತಿಟ್ಟುಕೊಂಡೆ. ನಂಬದವರು ನಮ್ಮ ಮನೆಯ ಭಾನುವಾರಗಳನ್ನು ಕಂಡವರಲ್ಲ. ಮೂವತ್ತನಾಲ್ಕು ತುಂಬಿದ ದಿನ ಕಚೇರಿಗೆ ರಜಾ ಹಾಕಿ ಓದಿದೆ. ಗೀಚಿದ ಪತ್ರಗಳಿದ್ದವು, ದುಂಡಗಿನ ಅಕ್ಷರವಿತ್ತು, ತಿರುಗಿ ಬರುವ ಹಡಗಿತ್ತು, ಉದ್ದನೆಯ ದಾರಿಯೂ ಇತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ತಾಯಿ ಎರಡು ದಿನ ಅಲ್ಲೇ ಕಾಯುತ್ತಾಳೆ. ಮೂರನೆಯ ದಿನ ಮತ್ತೆ ಹಡಗು ಹತ್ತುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮುದುಕಿಯಿಲ್ಲ, ಶಾಲಿಲ್ಲ, ಪುಂಡಿಪಲ್ಯವಿಲ್ಲ. ಹಿಂದೆ ಮುಂದೆ ಪುಟ ತಿರುವಿ ಹುಡುಕಿದೆ. ಆಮೇಲೆ ಅತ್ಯಾಳ ಹತ್ತಿರ ಹೋದೆ.

"ಅಪ್ಪ ಬ್ಯಾಡ ಅಂತ ಬರದ್ರ ಮನಿ ಬಿಟ್ಟು ಹೊಂಟಿದ್ದಿ. ನೀ ಅಪ್ಪಗ ಮಾಡಿದ್ದೇನು ಅತ್ಯಾ?"

"ಅವ ಬಚ್ಚಿಟ್ಟಾ," ಅಂದಳು. "ನಾ ಬದಲಿ ಕೊಟ್ಟೆ."

"ನಿನಗ?"

"ನನಗೇನು? ನಾ ಖರೇದು ಓದೀನಲ್ಲ. ತಡಕೊಂಡೆ. ನೋಡು, ಇಲ್ಲೇ ಇದ್ದೀನಿ. ನಿಮ್ಮಪ್ಪಗ ಹೇಳಬ್ಯಾಡ."

ಹೇಳಲಿಲ್ಲ. ಖಾದರ್ ಸಾಹೇಬರೂ ಹೇಳಿರಲಿಲ್ಲ. ಎಂದೂ ಬಾಯಿ ತಡೆಯದ ಮನುಷ್ಯ ಸಾಯುವವರೆಗೆ ಅದೊಂದು ಕೊನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡರು. ಅಪ್ಪನ ಕೊನೆಯ ದಿನಗಳಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅತ್ಯಾ ಆಸ್ಪತ್ರೆಗೆ ತಡವಾಗಿ ಬಂದಾಗ, ಅವನು ಕಣ್ಣು ತೆರೆದು ಮೆಲ್ಲಗೆ, "ತಡಾ ಮಾಡಿದಿ, ಅನ್ನ ಆರಿ ಹೋತು," ಅಂದ. ಅವಳು ಅವನ ಕೈ ಹಿಡಿದು ಕೂತಳು. ನಾನು ಹೊರಗೆ ಹೋಗಿ ಅತ್ತೆ.

ಅತ್ಯಾಗೆ ಈಗ ಎಪ್ಪತ್ತೆಂಟು. ನನ್ನ ಜೊತೆಯಲ್ಲೇ ಇದ್ದಾಳೆ. ಕಣ್ಣು ಮಂಜಾಗಿದೆ, ನಾಲಿಗೆ ಮಂಜಾಗಿಲ್ಲ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, ಬರಿ, ಕೇಳಬಾರದಾವ ಈಗ ಇಲ್ಲಲ್ಲ ಅಂದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೂಗಿದಳು, "ಆದ್ರ ಕೊನಿ ಹೇಳಿದ್ರ ಏನು ಮಾಡಬೇಕು, ನೆನಪೈತಲ್ಲ?" ನೆನಪಿದೆ. ಕೊನೆ ಹೇಳಿಬಿಟ್ಟಿದ್ದೇನೆ. ಸಿಂಕಿನಲ್ಲಿ ಅವಳದೊಂದು, ನನ್ನದೊಂದು ಕಪ್ಪು ಇದೆ. ಏಳುತ್ತೇನೆ.